ಸಿಟ್ಟೋ ಕಾಯಿಲೆಯೋ

ಜನವರಿ ೧೧

ತಂಗಿಗೆ,

ನಾನು ಕ್ಷೇಮ. ಇಲ್ಲಿ ಹಾಸಿಗೆ ಇದೆ. ಊಟ ಇದೆ. ಕಿಟಕಿಯೂ ಇದೆ. ಮಾತಿನ ಟೀಚರ್ ಪತ್ರ ಬರೆಯಿರಿ ಎಂದರು. ಬರೆಯುತ್ತಿದ್ದೇನೆ. ತಾವು ಬರುವ ಅಗತ್ಯವಿಲ್ಲ. ಬಂದವರು ದಯವಿಟ್ಟು ಹಳದಿ ಗೆರೆಯಿಂದ ಹಿಂದೆ ನಿಲ್ಲಬೇಕು. ಊಟ ಇದೆ. ಹಾಸಿಗೆ ಇದೆ. ತಮಗೆ ಆದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.

ಅಕ್ಕ


ಜನವರಿ ೨೪

ಅಕ್ಕನಿಗೆ,

ನಿನ್ನ ಪತ್ರ ಬಂತು. ಪತ್ರ ಅನ್ನಬೇಕೋ ನೋಟೀಸು ಅನ್ನಬೇಕೋ ತಿಳಿಯಲಿಲ್ಲ. ಎರಡು ದಿನ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಬಿದ್ದಿತ್ತು, ಮತ್ತೆ ಮುಟ್ಟಲು ಮನಸ್ಸಾಗಲಿಲ್ಲ.

ನಾನು ಯಾವಾಗಿನಿಂದ ನಿನಗೆ 'ತಾವು' ಆದೆ? ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿ, ಊಟ ಕಟ್ಟಿ, ಶಾಲೆಗೆ ಅಟ್ಟಿ, ಆಮೇಲೆ ರೈಲ್ವೆ ಸ್ಟೇಷನ್ನಿಗೆ ಓಡುತ್ತಿದ್ದವಳು ನೀನು. ಊರಿಗೆಲ್ಲ ಮೈಕಿನಲ್ಲಿ "ಗಮನಿಸಿ, ಗಮನಿಸಿ" ಎನ್ನುತ್ತಿದ್ದ ದನಿ ಮನೆಯಲ್ಲಿ "ಲೇ ಗುಂಡಿ, ಬೆಳಗಾಯ್ತು ಏಳೇ" ಅನ್ನುತ್ತಿತ್ತು. ಈಗ ನನ್ನನ್ನೇ ಗೆರೆಯಿಂದ ಹಿಂದೆ ನಿಲ್ಲು ಅನ್ನುತ್ತೀಯಲ್ಲ!

ನೀನು ಆಸ್ಪತ್ರೆ ಸೇರಿದ ವಾರವೇ ನನಗೆ ಹೆರಿಗೆಯಾಯಿತು. ನಿನಗೆ ಹುಷಾರಿಲ್ಲ, ಸರಿ, ಕೇಳಲಿಲ್ಲ ಅಂದುಕೊಂಡೆ. ಈಗ ಆಸ್ಪತ್ರೆಯಿಂದ ಪುನಶ್ಚೇತನ ಕೇಂದ್ರಕ್ಕೆ ಬಂದಿದ್ದೀಯ, ನಡೆಯುತ್ತಿದ್ದೀಯ, ಉಣ್ಣುತ್ತಿದ್ದೀಯ. ಆದರೂ ಮಗು ಹೇಗಿದೆ ಎಂದು ಒಂದು ಮಾತಿಲ್ಲ. ಫೋನ್ ಮಾಡಿದರೆ "ಹೂಂ" ಅನ್ನುತ್ತೀಯ. ಆಮೇಲೆ ನಾನು ಗೋಡೆಯ ಜೊತೆ ಮಾತಾಡಿದ ಹಾಗೆ. ನೀನು ಹೇಳಬೇಕಾದ್ದನ್ನೂ ನಾನೇ ಹೇಳಿ, ನಾನೇ ಉತ್ತರ ಕೊಟ್ಟು ಇಡುತ್ತೇನೆ.

ಅಕ್ಕನಿಗೆ ಲಿವರ್ ಕಾಯಿಲೆ ಎಂದ ಕೂಡಲೇ ಜನ ಏನು ಕೇಳುತ್ತಾರೆಂದು ನಿನಗೆ ಗೊತ್ತು. ನಮ್ಮ ಅತ್ತೆಯೂ ಕೇಳಿದರು. "ನಮ್ಮ ಅಕ್ಕ ಅಂಥವಳಲ್ಲ" ಎಂದು ಜಗಳವಾಡಿದ್ದೇನೆ. ಯಾರ ಪರವಾಗಿ ಜಗಳವಾಡಿದೆನೋ ಅವಳಿಗೆ ನಾನು ಬೇಡವಾಗಿದ್ದೇನೆ.

ಬರುವ ಅಗತ್ಯವಿಲ್ಲ ಎಂದೆಯಲ್ಲ, ಬರುವುದಿಲ್ಲ.

ತಂಗಿ


ಫೆಬ್ರವರಿ ೧೪

ಗುಂಡಿ,

ನಿನ್ನ ಪತ್ರವನ್ನು ಓದಿದೆ, ಮತ್ತೆ ಓದಿದೆ. ಮೊದಲ ಸಲ ಅಕ್ಷರಗಳು ಮಾತ್ರ ಕಂಡವು. ಮರುದಿನ ಅರ್ಥವಾಯಿತು. ಅರ್ಥವಾದ ಮೇಲೆ ಅಳು ಬಂತು.

ನಾನು ನಿನಗೆ ಪತ್ರ ಬರೆದದ್ದೇ ನನಗೆ ನೆನಪಿಲ್ಲ. "ಬರೆದ್ರಿ, ನಾನೇ ಪೋಸ್ಟ್ ಮಾಡಿದೆ" ಎಂದರು ಮಾತಿನ ಟೀಚರ್. ಮಾತು ತಪ್ಪಿದವರಿಗೆ ಮತ್ತೆ ಮಾತು ಹಿಡಿಸುವ ಕೆಲಸ ಅವರದು. ಸಣ್ಣ ಹುಡುಗಿ, ತಾಳ್ಮೆ ಮಾತ್ರ ದೊಡ್ಡದು. ಫೋನಿನಲ್ಲಾದರೆ ಮಾತು ನನ್ನನ್ನು ಬಿಟ್ಟು ಮುಂದೆ ಓಡುತ್ತದೆ. ಕಾಗದದ ಮೇಲೆ ಅದು ಕಾಯುತ್ತದೆ. ಅದಕ್ಕೇ ಬರೆಯಿರಿ ಎಂದರಂತೆ.

ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಲಿವರ್ ಅಂದರೆ ಮೈಯ ಕೊಳೆ ತೊಳೆಯುವ ಆಳು. ನನ್ನ ಮೈಯೇ ಆ ಆಳನ್ನು ಕಳ್ಳನೆಂದು ತಿಳಿದು ವರ್ಷಗಟ್ಟಲೆ ಹೊಡೆದಿದೆ. ಈಗ ಅವನ ಕೈಲಾಗುತ್ತಿಲ್ಲ. ತೊಳೆಯದೆ ಉಳಿದ ಕೊಳೆ ರಕ್ತದ ಜೊತೆ ತಲೆಗೆ ಹೋಗುತ್ತದೆ, ತಲೆ ಮಂಜಾಗುತ್ತದೆ. ಹಗಲು ನಿದ್ದೆ, ರಾತ್ರಿ ಎಚ್ಚರ. ಯಾರು ಏನೆಂದರೂ ಬೇಸರವಿಲ್ಲ, ಸಂತೋಷವೂ ಇಲ್ಲ. ನಿಮ್ಮ ಅತ್ತೆಗೆ ಹೇಳು, ನಾನು ಕುಡಿದದ್ದು ಸ್ಟೇಷನ್ನಿನ ಕಾಫಿಯೊಂದನ್ನೇ. ಅದು ವಿಷಕ್ಕೆ ತೀರಾ ದೂರದ್ದೇನಲ್ಲ ಅನ್ನುವುದು ಬೇರೆ ಮಾತು.

ಮಾತುಗಳು ಹೇಗೆ ಜಾರುತ್ತವೆ ಗೊತ್ತೇ? ಟೀಚರ್ ಕೈಗವಸು ತೋರಿಸಿ ಇದೇನು ಎಂದರು. ಗೊತ್ತು, ನಾಲಿಗೆಯ ತುದಿಯಲ್ಲೇ ಇದೆ. ಕೊನೆಗೆ "ಕೈಗೆ ಹಾಕೋ ಕಾಲುಚೀಲ" ಎಂದೆ. ಪಕ್ಕದ ಹಾಸಿಗೆಯ ಲೆಕ್ಕದ ಮೇಡಂ ಬಿದ್ದು ಬಿದ್ದು ನಕ್ಕರು. ಆಮೇಲೆ ಅವರ ಸರದಿ ಬಂತು. ಚಮಚಕ್ಕೆ ಅವರು "ಸಣ್ಣ ಗುದ್ದಲಿ" ಅಂದರು. ನಾನೂ ಸೇಡು ತೀರಿಸಿಕೊಂಡೆ.

ಮಗುವಿನ ವಿಷಯ. ಗುಂಡಿ, ಅದು ನನ್ನ ತಲೆಯಿಂದ ಹೊರಟೇ ಹೋಗಿತ್ತು. ನಿನ್ನ ಪತ್ರ ಓದಿದ ಮೇಲೂ ಹೆಣ್ಣೋ ಗಂಡೋ ನೆನಪಾಗಲಿಲ್ಲ. ನಿನ್ನನ್ನು ಕೇಳಲು ನಾಚಿಕೆಯಾಗಿ ನರ್ಸನ್ನು ಕೇಳಿದೆ! "ನಂಗೆ ಹೇಗೆ ಗೊತ್ತಿರುತ್ತೆ ಅಮ್ಮಾ?" ಎಂದಳು ಪಾಪ. ಈಗ ನಾಚಿಕೆ ಬಿಟ್ಟು ನಿನ್ನನ್ನೇ ಕೇಳುತ್ತಿದ್ದೇನೆ. ಹೆಣ್ಣೋ, ಗಂಡೋ? ಯಾರ ಹಾಗಿದೆ?

ನಿನ್ನ ಅಕ್ಕ


ಫೆಬ್ರವರಿ ೨೩

ನನ್ನ ಅಕ್ಕಾ,

ಹೆಣ್ಣು. ನಿನ್ನ ಮೂಗು, ನಮ್ಮ ಅತ್ತೆಯ ಹಟ. ಕೂದಲು ಇನ್ನೂ ಯಾರ ಪಾಲಿಗೂ ಬಂದಿಲ್ಲ.

ನಿನ್ನ ಪತ್ರ ಓದಿ ಅಂಗಡಿಯಲ್ಲೇ ಕುಳಿತು ಅತ್ತುಬಿಟ್ಟೆ. ಹೋಟೆಲಿನ ಸಮವಸ್ತ್ರಕ್ಕೆ ಅಳತೆ ಕೊಡಲು ಬಂದಿದ್ದವರು ಬಟ್ಟೆ ಕೆಟ್ಟಿತೇನೋ ಎಂದು ಗಾಬರಿಯಾದರು. ನಾನು ಎಂಥ ಕಲ್ಲು! ಕಾಯಿಲೆ ಬರೆದದ್ದನ್ನು ನೀನು ಬರೆದದ್ದೆಂದು ತಿಳಿದೆ. ಇನ್ನು ಹಾಗಾಗುವುದಿಲ್ಲ. ಮಾತಿನ ಟೀಚರ್‌ಗೆ ಫೋನ್ ಮಾಡಿ ಎಲ್ಲ ತಿಳಿದುಕೊಂಡಿದ್ದೇನೆ. ಅಕ್ಷರ ಸೊಟ್ಟಗಾದರೆ, ಹೇಳಿದ್ದನ್ನೇ ಹೇಳಿದರೆ, ಇದ್ದಕ್ಕಿದ್ದಂತೆ ರೇಗಿದರೆ, ಸ್ವಭಾವ ಬದಲಾದರೆ ತಿಳಿಸಿ ಎಂದಿದ್ದಾರೆ. ಸಿಹಿ ಸಿರಪ್ ಒಂದು ಹೊತ್ತೂ ತಪ್ಪಬಾರದಂತೆ. ಅದು ಕೊಳೆಯನ್ನು ಹೊಟ್ಟೆಯಿಂದಲೇ ಹೊರಗೆ ಅಟ್ಟುತ್ತದಂತೆ, ಮತ್ತೆ ಮತ್ತೆ ಕಕ್ಕಸಿಗೆ ಓಡಬೇಕಾದರೂ ಬಿಡಬಾರದಂತೆ.

ಈಗ ಸಂತೋಷದ ಸುದ್ದಿ. ಅಲ್ಲಿಂದ ಬಿಟ್ಟ ಕೂಡಲೇ ನೀನು ನೇರ ನಮ್ಮ ಮನೆಗೆ ಬರುತ್ತೀಯ. ಮುಂದಿನ ಕೋಣೆ ಖಾಲಿ ಮಾಡಿಸಿದೆ, ಇವರು ಸುಣ್ಣ ಹೊಡೆದರು. ನಿನ್ನ ಮನೆ ಓನರಮ್ಮನಿಗೆ ಫೋನ್ ಮಾಡಿ, ಅಕ್ಕ ಮನೆ ಬಿಡುತ್ತಾಳೆ, ಬೇರೆಯವರನ್ನು ನೋಡಿಕೊಳ್ಳಿ ಎಂದಿದ್ದೇನೆ. ಸ್ಟೇಷನ್ನಿನ ಸಾಹೇಬರಿಗೂ ಅಕ್ಕ ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಿಬಿಟ್ಟೆ. ನೀನು ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಡ. ನೀನು ನನ್ನನ್ನು ಸಾಕಿದೆ. ಇನ್ನು ನನ್ನ ಸರದಿ.

ನಿನ್ನ ಗುಂಡಿ


ಮಾರ್ಚ್ ೬

ನನ್ನ ಮನೆ ಬಿಡಿಸಲು ನೀನು ಯಾರು?

ಆ ಮನೆಯ ಬಾಗಿಲ ಚಿಲಕ ಯಾವ ಕಡೆ ಅಲುಗುತ್ತದೆ ಎಂಬುದು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಅಲ್ಲಿ ನಾನು ಬೇಕಾದಾಗ ಉಣ್ಣುತ್ತೇನೆ, ಬೇಡವಾದಾಗ ಮಾತಾಡುವುದಿಲ್ಲ. ನನ್ನ ಕೆಲಸಕ್ಕೆ ರಾಜೀನಾಮೆ ಕೊಡಲು ನಿನಗೆ ಯಾರು ಹೇಳಿದರು? ನಾನು ಸತ್ತಿದ್ದೇನೆಯೇ? ನನಗೆ ಮಾತು ತಡವಾಗುತ್ತದೆ, ಬುದ್ಧಿ ಹೋಗಿಲ್ಲ.

ನಿನ್ನನ್ನು ಸಾಕಿದ್ದು ಮುಂದೊಂದು ದಿನ ನೀನು ನನ್ನನ್ನು ಸಾಕಲಿ ಎಂದಲ್ಲ. ಹಾಗೆಂದು ತಿಳಿದಿದ್ದರೆ ಆ ಲೆಕ್ಕ ಇಲ್ಲಿಗೇ ಮುಗಿಸು. ನಿಮ್ಮ ಮುಂದಿನ ಕೋಣೆ ನಿಮಗೇ ಇರಲಿ. ನಾನು ಬರುವುದಿಲ್ಲ. ಬರುವುದಿಲ್ಲ ಎಂದರೆ ಬರುವುದಿಲ್ಲ.

ಅಕ್ಕ


ಮಾರ್ಚ್ ೧೩

ಪ್ರೀತಿಯ ಅಕ್ಕಾ,

ಪತ್ರ ಬಂತು. ನಾನೇನೂ ಬೇಜಾರು ಮಾಡಿಕೊಂಡಿಲ್ಲ. ಅದು ನೀನಲ್ಲ ಅಂತ ನನಗೆ ಗೊತ್ತು.

ಅಕ್ಷರ ಎಷ್ಟು ದೊಡ್ಡದಾಗಿದೆ ನೋಡಿದೆಯಾ? ಪೆನ್ನು ಒತ್ತಿ ಒತ್ತಿ ಹಾಳೆ ಎರಡು ಕಡೆ ಹರಿದಿದೆ. "ಬರುವುದಿಲ್ಲ" ಅಂತ ಮೂರು ಸಲ ಬರೆದಿದ್ದೀಯ. ಓದುತ್ತಿದ್ದ ಹಾಗೇ ತಿಳಿಯಿತು. ಕೂಡಲೇ ಡಾಕ್ಟರಿಗೂ ಮಾತಿನ ಟೀಚರ್‌ಗೂ ಫೋನ್ ಮಾಡಿ ಹೇಳಿದೆ. ನೋಡುತ್ತೇವೆ ಎಂದರು. ಸಿರಪ್ ಸರಿಯಾಗಿ ತಗೋ. ಸಿಟ್ಟು ಬಂದರೆ ಕಣ್ಣು ಮುಚ್ಚಿ ಮಲಗು, ಇಳಿದುಹೋಗುತ್ತದೆ. ಕೋಣೆಗೆ ತಿಳಿ ಹಸಿರು ಪರದೆ ಹೊಲಿಯುತ್ತಿದ್ದೇನೆ, ಕಣ್ಣಿಗೆ ತಂಪು.

ನಿನ್ನ ಗುಂಡಿ


ಮಾರ್ಚ್ ೨೧

ತಂಗೀ,

ಈ ಪತ್ರವನ್ನು ನಿಧಾನವಾಗಿ, ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಮತ್ತೆ ನೀನು ಯಾರಿಗೂ ಫೋನ್ ಮಾಡಬಾರದಲ್ಲ.

ನೀನು ಫೋನ್ ಮಾಡಿದ ಮೇಲೆ ಏನಾಯಿತೆಂದು ಹೇಳುತ್ತೇನೆ. ನಾನು ಲೆಕ್ಕದ ಮೇಡಂ ಜೊತೆ ಊಟಕ್ಕೆ ಕುಳಿತಿದ್ದೆ. ಡಾಕ್ಟರು, ಇಬ್ಬರು ನರ್ಸುಗಳು ಬಂದರು. ಎಲ್ಲರೆದುರಿಗೆ ಎರಡೂ ಕೈ ಮುಂದೆ ಚಾಚಿಸಿ, ಅಂಗೈ ಎತ್ತಿಸಿ, ನಡುಗುತ್ತವೆಯೇ ಎಂದು ನೋಡಿದರು. ಇವತ್ತು ಯಾವ ವಾರ ಎಂದು ಕೇಳಿದರು. ಕಾಗದದ ಮೇಲಿನ ಅಂಕಿಗಳಿಗೆ ಗೆರೆ ಎಳೆದು ಕೂಡಿಸಿ ಎಂದರು. ರಕ್ತ ತೆಗೆದರು. ಎಲ್ಲ ಸರಿಯಾಗಿತ್ತು. ಬಂದಾಗಿನಿಂದ ಇಷ್ಟು ಚೆನ್ನಾಗಿ ಗೆರೆ ಎಳೆದದ್ದೇ ಇಲ್ಲವಂತೆ.

"ಮತ್ಯಾಕಮ್ಮ ಅಷ್ಟು ಕೋಪ ಬಂತು?" ಎಂದು ಡಾಕ್ಟರು ಕೇಳಿದರು.

"ನನ್ನ ಕೇಳದೆ ನನ್ನ ಮನೆ ಖಾಲಿ ಮಾಡಿಸಿದ್ರು, ಅದಕ್ಕೆ" ಎಂದೆ.

ಅವರು ತಲೆ ಕೆರೆದುಕೊಂಡು, "ಹಾಗಾದ್ರೆ ನಂಗೂ ಬರ್ತಿತ್ತು" ಎಂದು ಹೊರಟುಹೋದರು.

ಗುಂಡಿ, ಮೊದಲು ಕಾಯಿಲೆ ಮಾತಾಡಿದಾಗ ಅದು ನಾನೇ ಎಂದು ನೀನು ತಿಳಿದೆ. ಈಗ ನಾನು ಮಾತಾಡಿದರೆ ಕಾಯಿಲೆ ಅನ್ನುತ್ತೀಯ. ಮೊದಲನೆಯದಕ್ಕೆ ನನಗೆ ಬೇಸರವಿಲ್ಲ, ಅದು ಯಾರಿಗೂ ತಿಳಿಯುವಂಥದ್ದಲ್ಲ. ಎರಡನೆಯದು ತುಂಬ ನೋಯಿಸಿತು. ಇಲ್ಲಿ ನನ್ನ ನಡಿಗೆ ಅವರ ಲೆಕ್ಕಕ್ಕೆ, ಊಟ ಅವರ ಲೆಕ್ಕಕ್ಕೆ, ಕಕ್ಕಸಿಗೆ ಹೋದದ್ದೂ ಅವರ ಲೆಕ್ಕಕ್ಕೆ. ನನ್ನದು ಅಂತ ಉಳಿದಿದ್ದದ್ದು ಸಿಟ್ಟೊಂದೇ. ಅದನ್ನಾದರೂ ನನಗೆ ಬಿಡು.

ಸ್ವಲ್ಪ ದಿನ ಬರೆಯಬೇಡ.

ಅಕ್ಕ


ಏಪ್ರಿಲ್ ೧೮

ಅಕ್ಕಾ,

ಬರೆಯಬೇಡ ಎಂದಿದ್ದೆ, ಇಷ್ಟು ದಿನ ಬರೆಯಲಿಲ್ಲ. ಎರಡು ವಿಷಯ ಹೇಳಿ ಮುಗಿಸುತ್ತೇನೆ.

ಓನರಮ್ಮನ ಹತ್ತಿರ ಮಾತಾಡಿದೆ. ಮನೆ ಯಾರಿಗೂ ಕೊಟ್ಟಿಲ್ಲ. "ನೀ ಹೇಳಿದ ತಕ್ಷಣ ಕೊಡೋಕೆ ನಾನೇನು ಹುಚ್ಚಿನಾ? ಅವಳ ಬಾಯಿಂದ ಬರಲಿ ಅಂತ ಕಾದಿದ್ದೆ" ಎಂದರು. ನನಗಿಂತ ಅವರಿಗೇ ನೀನು ಹೆಚ್ಚು ಗೊತ್ತು. ಸಾಹೇಬರಿಗೂ ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ ಎಂದು ಹೇಳಿದೆ. ನೀನು ಬಂದ ಮೇಲೆ ನಿನ್ನ ಹತ್ತಿರವೇ ಮಾತಾಡುತ್ತಾರಂತೆ.

ನನಗೆ ಭಯವಾಗಿತ್ತು, ಅಕ್ಕಾ. ಅಷ್ಟೇ. ಭಯವಾದಾಗ ನಾನು ಕೈಗೆ ಸಿಕ್ಕಿದ್ದಕ್ಕೆಲ್ಲ ಹೊಲಿಗೆ ಹಾಕಿಬಿಡುತ್ತೇನೆ.

ಮಗು ಬೋರಲು ಬಿತ್ತು.

ಗುಂಡಿ


ಮೇ ೬

ಗುಂಡಿಗೆ,

ಮನೆಗೆ ಬಂದೆ. ನೀನು ಮನೆ ಉಳಿಸಿದ್ದು ಒಳ್ಳೆಯದಾಯಿತು. ಓನರಮ್ಮ ಕೆಳಗಿನಿಂದ ಸೂಪು ತಂದುಕೊಡುತ್ತಾರೆ. ಸಾಹೇಬರು ಮುಂದಿನ ವಾರ ಮೈಕಿನ ಮುಂದೆ ಕೂರಿಸಿ ನೋಡುತ್ತಾರಂತೆ. ಅಭ್ಯಾಸ ಮಾಡುತ್ತಿದ್ದೇನೆ. ಈಗ ಗಳಿಗೆಗೊಮ್ಮೆ ಎದ್ದು ಓಡುವ ಕಾಟವೂ ಇಲ್ಲ. ಹಾಯಾಗಿದೆ. ಹಗಲೆಲ್ಲ ಒಳ್ಳೆಯ ನಿದ್ದೆ.

ನೀನು ಹೇಳಿದ್ದೇ ಸರಿ ಅನ್ನಿಸುತ್ತದೆ. ನಿಮ್ಮ ಮನೆಗೇ ಬಂದುಬಿಡುತ್ತೇನೆ. ಮುಂದಿನ ಕೋಣೆ ಸಾಕು. ಹಸಿರು ಪರದೆ ಇರಲಿ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಯಾರ ಮೇಲೂ ಇಲ್ಲ. ಎಲ್ಲರೂ ಒಳ್ಳೆಯವರು. ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ. ನಿನಗೆ ಜಡೆ ಹಾಕಬೇಕಂತೆ. ಶಾಲೆಗೆ ಹೊತ್ತಾಯಿತು. ಎಲ್ಲರೂ ಒಳ್ಳೆಯವರು. ಕೋಣೆ ಸಾಕು. ಎಲ್ಲರೂ ಹತ್ತಿದ್ದಾರೆ. ಸಾಕು.


ಮೇ ೧೫

ಅಕ್ಕಾ,

ನೀನು ಮಲಗಿದ್ದೀಯ. ನಿನ್ನ ಹಾಸಿಗೆಯ ಪಕ್ಕದಲ್ಲೇ ಕುಳಿತು ಬರೆಯುತ್ತಿದ್ದೇನೆ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದೇನೆ, ಇವತ್ತು ಸಂಜೆಯ ಗಾಡಿಗೆ ಹೋಗಲೇಬೇಕು. ನಿನ್ನೆ ನೀನು ಕಣ್ಣು ತೆರೆದು "ಗುಂಡಿ, ಯಾವಾಗ ಬಂದೆ?" ಎಂದು ಕೇಳಿದೆ. ಆದರೂ ಏನೇನಾಯಿತು ಎಂಬುದು ನಿನಗೆ ನೆನಪಿರಲಾರದು. ನನಗೆ ಗೊತ್ತಿರುವುದನ್ನು ನಿನಗೆ ಕೊಟ್ಟುಹೋಗುತ್ತೇನೆ.

ನಿನ್ನ ಪತ್ರ ಬಂದಾಗ ಅಂಗಡಿ ತುಂಬ ಜನ. ಅರ್ಧ ಓದಿದೆ. "ನಿಮ್ಮ ಮನೆಗೇ ಬಂದುಬಿಡುತ್ತೇನೆ" ಎಂದಿತ್ತು. ಖುಷಿಗೆ ಮುಂದೆ ಓದಲೇ ಇಲ್ಲ. ಒಳಗೆ ಓಡಿಹೋಗಿ ಇವರಿಗೆ, "ಅಂತೂ ಅಕ್ಕ ಒಪ್ಪಿದ್ಳು ಕಣ್ರೀ!" ಎಂದೆ.

ಇವರು ಪತ್ರ ಇಸಿದುಕೊಂಡು ಓದಿದರು. ಮುಖ ಸಪ್ಪಗಾಯಿತು. "ಒಪ್ಪಿದ್ದು ನಿಮ್ಮಕ್ಕನೇನಾ? ಪೂರ್ತಿ ಓದು" ಎಂದರು.

ಓದಿದೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು.

ಫೋನ್ ಕೈಗೆ ತೆಗೆದುಕೊಂಡೆ, ಕೆಳಗಿಟ್ಟೆ. ಮಾರ್ಚ್ ತಿಂಗಳ ನಿನ್ನ ಮಾತು ಎದೆಯಲ್ಲಿ ಹಾಗೇ ಇತ್ತು. ಮತ್ತೆ ಎಲ್ಲರೆದುರು ನಿನ್ನ ಕೈ ಚಾಚಿಸಿದರೆ ನೀನು ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ ಎನಿಸಿತು. ಆದರೆ ಇಡೀ ಪತ್ರದಲ್ಲಿ ಎಲ್ಲಿ ಹುಡುಕಿದರೂ ಸಿಟ್ಟಿಲ್ಲ, ಕುಹಕವಿಲ್ಲ, ಒಂದು ಕೊಂಕು ಮಾತೂ ಇಲ್ಲ. ಎಲ್ಲದಕ್ಕೂ ಹೂಂ ಅನ್ನುವ ಅಕ್ಕನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಮುಖ ನೋಡದಿದ್ದರೂ ಪರವಾಗಿಲ್ಲ, ಬದುಕಿರಲಿ ಎಂದು ಓನರಮ್ಮನಿಗೆ ಫೋನ್ ಮಾಡಿದೆ.

"ಮಲಗಿದಾಳೆ, ನಿನ್ನೆಯಿಂದಾನೂ ಮಲಗೇ ಇದಾಳೆ. ಸುಸ್ತಿರಬೇಕು ಅಂತ ಎಬ್ಬಿಸ್ಲಿಲ್ಲ" ಎಂದರು. "ಈಗ್ಲೇ ಎಬ್ಬಿಸಿ" ಎಂದೆ. ಮೇಲೆ ಹೋದರು. ಫೋನಿನಲ್ಲಿ ಅವರ ಕೂಗು ಕೇಳುತ್ತಿತ್ತು, ನಿನ್ನ ದನಿ ಕೇಳಲಿಲ್ಲ. ಆಮೇಲೆ ಆಂಬುಲೆನ್ಸ್ ಬಂತು. ಇನ್ನೊಂದು ದಿನ ಹೋಗಿದ್ದರೆ ಕಷ್ಟವಿತ್ತು ಎಂದು ಇಲ್ಲಿನ ಡಾಕ್ಟರು ಹೇಳಿದರು.

ನಿನ್ನ ಮನೆಯ ಕಪಾಟಿನಲ್ಲಿ ಸಿರಪ್ ಬಾಟಲಿಗಳು ಸೀಲು ಒಡೆಯದೆ ಇದ್ದವು. ಯಾಕೆಂದು ಮೊದಲು ತಿಳಿಯಲಿಲ್ಲ. ಮೇಜಿನ ಮೇಲೆ ರೈಲುಗಳ ವೇಳಾಪಟ್ಟಿ ನೋಡಿದಾಗ ತಿಳಿಯಿತು. ಮೈಕಿನ ಮುಂದೆ ಕುಳಿತವಳು ಗಳಿಗೆಗೊಮ್ಮೆ ಎದ್ದು ಹೋಗಬಾರದೆಂದು ಸಿರಪ್ ಬಿಟ್ಟಿದ್ದೆ, ಅಲ್ಲವೇ? ಇದನ್ನು ನನಗೊಬ್ಬಳಿಗೆ ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದು ನಿನ್ನನ್ನು ಎಬ್ಬಿಸಿ ಬೈಯಬೇಕೆನಿಸಿತು. ಹೇಳಿದರೆ ನಾನು ಊರಿಗೆಲ್ಲ ಫೋನ್ ಮಾಡುತ್ತಿದ್ದೆ ಎಂಬುದೂ ಆಮೇಲೆ ಹೊಳೆಯಿತು.

ಮುಂದೇನು ಮಾಡಬೇಕೆಂದು ನಾನು ಹೇಳುವುದಿಲ್ಲ. ನೀನೇ ಹೇಳು. ಈ ಕಾಗದ ದಿಂಬಿನ ಕೆಳಗಿದೆ.

ಗುಂಡಿ


ಜುಲೈ ೨

ಗುಂಡಿ,

ಮತ್ತೆ ಕೇಂದ್ರಕ್ಕೆ ಹೋಗಿ, ಮತ್ತೆ ಮನೆಗೆ ಬಂದೆ. ಈ ಸಲ ಲೆಕ್ಕದ ಮೇಡಂ ಇರಲಿಲ್ಲ. ಅವರ ಹಾಸಿಗೆಯಲ್ಲಿ ಬೇರೆಯವರಿದ್ದರು. ಟೀಚರ್ ಹೇಳುವ ಮುಂಚೆಯೇ ನನಗೆ ತಿಳಿಯಿತು. ಅವರಿಗೆ ಯಾರೂ ಪತ್ರ ಬರೆಯುತ್ತಿರಲಿಲ್ಲ. ನಿನ್ನ ಪತ್ರಗಳನ್ನು ನಾನು ಓದಿ ಹೇಳುತ್ತಿದ್ದೆ, ಮಗು ಬೋರಲು ಬಿದ್ದದ್ದಕ್ಕೆ ಅವರೇ ವಾರ್ಡಿಗೆಲ್ಲ ಸಿಹಿ ಹಂಚಿದ್ದರು. ಇದನ್ನು ನಿನಗೆ ಹೇಳಿಯೇ ಇರಲಿಲ್ಲ.

ನಿನಗೆ ಥ್ಯಾಂಕ್ಸ್ ಹೇಳುವುದಿಲ್ಲ, ಹೇಳಿದರೆ ಮತ್ತೆ ಡಾಕ್ಟರಿಗೆ ಫೋನ್ ಮಾಡುತ್ತೀಯ.

ಕುಳಿತು ಯೋಚನೆ ಮಾಡಿದೆ. ನಿಮ್ಮ ಮನೆಗೆ ಬರುವುದಿಲ್ಲ, ಇಲ್ಲೇ ಇರುತ್ತೇನೆ. ಬೆಳಿಗ್ಗೆ ಕೆಳಗಿಳಿದು ಓನರಮ್ಮನ ಜೊತೆ ಕಾಫಿ ಕುಡಿಯುತ್ತೇನೆ. ನಾನು ಇಳಿಯದಿದ್ದರೆ ಅವರು ಹತ್ತುತ್ತಾರೆ. ನನ್ನ ಮಾತು ಅವರಿಗೆ ವಿಚಿತ್ರವೆನಿಸಿದರೆ ಮುಲಾಜಿಲ್ಲದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇದನ್ನು ನಾನೇ ಅವರಿಗೆ ಹೇಳಿದೆ, ನನ್ನ ಬಾಯಿಂದಲೇ. ನಿನಗೂ ಹೇಳುತ್ತಿದ್ದೇನೆ. ಅನುಮಾನ ಬಂದರೆ ಮೊದಲು ನನ್ನನ್ನೇ ಕೇಳು, "ಸಿಟ್ಟೋ, ಕಾಯಿಲೆಯೋ?" ಅಂತ. ಸಿಟ್ಟಾದರೆ ಕಾರಣ ಹೇಳುತ್ತೇನೆ. ಕಾರಣ ಹೇಳಲು ಬಾರದಿದ್ದರೆ ಯಾರಿಗೆ ಬೇಕಾದರೂ ಫೋನ್ ಮಾಡು, ನನ್ನ ಒಪ್ಪಿಗೆಯಿದೆ.

ಸಿರಪ್ ತಪ್ಪಿಸುತ್ತಿಲ್ಲ. ಅದಕ್ಕೇ ಮೈಕನ್ನು ಬಿಟ್ಟೆ. ಸಾಹೇಬರ ಮುಂದೆ ಹೋಗಿ ನಾನೇ ಹೇಳಿದೆ. ಹೇಳಿ ಬಂದು ಎರಡು ಗಾಡಿ ಹೋಗುವವರೆಗೆ ಬೆಂಚಿನ ಮೇಲೆ ಕುಳಿತಿದ್ದೆ, ಸುಳ್ಳು ಯಾಕೆ ಹೇಳಲಿ. ಈಗ ನನ್ನ ಜಾಗದಲ್ಲಿ ಕೂರುವ ಹುಡುಗಿಗೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ತಿಳಿಯದು. ಕೇಳಿದಾಗಲೆಲ್ಲ ಮೈಯೆಲ್ಲ ಉರಿಯುತ್ತದೆ. ಇದು ಕಾಯಿಲೆಯಲ್ಲ, ಗಮನಿಸಿ.

ಸಾಹೇಬರು ಕಳೆದುಹೋದ ಸಾಮಾನಿನ ಕೋಣೆಯಲ್ಲಿ ಅರ್ಧ ದಿನದ ಕೆಲಸ ಕೊಟ್ಟಿದ್ದಾರೆ. ಬೇಕಾದಾಗ ಎದ್ದು ಹೋಗಬಹುದು, ಕಕ್ಕಸು ಪಕ್ಕದಲ್ಲೇ ಇದೆ. ಪ್ರಯಾಣಿಕರು ಗಾಡಿಯಲ್ಲಿ ಏನೇನು ಬಿಟ್ಟು ಇಳಿಯುತ್ತಾರೆಂದು ನೋಡಿದರೆ, ಮರೆವು ನನಗೊಬ್ಬಳಿಗೇ ಬಂದ ರೋಗವಲ್ಲ ಎಂದು ಸಮಾಧಾನವಾಗುತ್ತದೆ.

ನಿನ್ನೆ ಬಣ್ಣ ಹಚ್ಚುವ ಕೆಲಸದವರೊಬ್ಬರು ಬಂದರು. ಆಳು ಬಾಗಿಲೆತ್ತರ, ಅಂಗಿಯ ತುಂಬ ಸುಣ್ಣದ ಚುಕ್ಕಿ. ಅವರಿಗೆ ಮಾತು ತೊದಲು. "ನಂದು... ನನ್ನ... ನನ್ನ..." ಎಂದು ನಿಂತುಬಿಟ್ಟರು. ಹಿಂದೆ ಸಾಲಿನಲ್ಲಿದ್ದವರು ಸುಮ್ಮನಿರುತ್ತಾರೆಯೇ? ಒಬ್ಬ "ಚೀಲನಾ?" ಎಂದ, ಇನ್ನೊಬ್ಬಳು "ಫೋನಾ? ಛತ್ರಿನಾ?" ಎಂದಳು. ಅವರು ಎಲ್ಲದಕ್ಕೂ ಅಲ್ಲವೆಂದು ತಲೆಯಾಡಿಸುತ್ತಾ ಬೆವರತೊಡಗಿದರು. ನಾನು ಕೈಯೆತ್ತಿದೆ. "ಎಲ್ರೂ ಸ್ವಲ್ಪ ಸುಮ್ನಿರಿ. ಅವರೇ ಹೇಳ್ತಾರೆ" ಎಂದೆ. ಇಪ್ಪತ್ತು ವರ್ಷ ಮೈಕಿನಲ್ಲಿ ಮಾತಾಡಿದ ದನಿಯಲ್ಲವೇ, ಇಡೀ ಸಾಲು ಬಾಯಿ ಮುಚ್ಚಿಕೊಂಡಿತು. ಕಿಟಕಿಯ ಆಚೆ ಅವರು, ಈಚೆ ನಾನು. ಅವರ ಗಂಟಲಿನಲ್ಲಿ ಆ ಮಾತು ಏರುವುದು, ಜಾರುವುದು ನನಗೆ ಕಾಣುತ್ತಿತ್ತು. ನಾನೂ ಅವರ ಜೊತೆಗೇ ಉಸಿರು ಹಿಡಿದಿದ್ದೆ.

"ಏಣಿ!" ಎಂದರು ಕೊನೆಗೆ.

ರೈಲಿನಲ್ಲಿ ಏಣಿ ಬಿಟ್ಟು ಇಳಿದಿದ್ದರಂತೆ! ನೋಡಿದರೆ ಅದು ನನ್ನ ಬೆನ್ನ ಹಿಂದೆಯೇ, ಛಾವಣಿ ಮುಟ್ಟುವ ಹಾಗೆ, ಗೋಡೆಗೆ ಒರಗಿ ನಿಂತಿತ್ತು. ಸಾಲಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅವರೂ ನಕ್ಕರು. ನಾನಂತೂ ನಕ್ಕು ನಕ್ಕು ಸಹಿ ಹಾಕಿಸಿಕೊಳ್ಳುವುದನ್ನೇ ಮರೆತೆ.

ಭಾನುವಾರ ಮಗುವನ್ನು ಕರೆದುಕೊಂಡು ಬಾ. ನಾನೇ ಪ್ಲಾಟ್‌ಫಾರ್ಮಿಗೆ ಬಂದಿರುತ್ತೇನೆ. ಮಾತಾಡುತ್ತಾ ನಾನು ತಡವರಿಸಿದರೆ ನನ್ನ ಬಾಯಿಗೆ ನೀನು ಮಾತು ಹಾಕಬೇಡ. ಸ್ವಲ್ಪ ಕಾದಿರು. ಬರುತ್ತದೆ.

ನಿನ್ನ ಅಕ್ಕ